ಕಳೆದುಹೋದವರ ಲೆಕ್ಕ

ನಮ್ಮಪ್ಪ ಕಲ್ಲು ಒಡೆಯುವವನು. ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವ ಕೆಲಸವನ್ನು ಅವನು ಅವರಪ್ಪನಿಂದ ಕಲಿತ. ಸೌದೆಯನ್ನು ಬಂಡೆಯ ಮೇಲೆ ಸಾಲಾಗಿ ಜೋಡಿಸಿ ಹಚ್ಚಿ, ಬೆಂಕಿಯನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ಸರಿಸುತ್ತಾ ಹೋಗಬೇಕು. ಮೇಲಿನ ಪದರ ಕಾದು ಹಿಗ್ಗುತ್ತದೆ. ಕೆಳಗಿನ ಬಂಡೆ ತಣ್ಣಗೇ ಇರುತ್ತದೆ. ಹಿಗ್ಗಿದ್ದು ಹಿಗ್ಗದೆ ಇದ್ದದ್ದರಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟಿತೋ ಇಲ್ಲವೋ ಅಂತ ಕಣ್ಣಿಗೆ ಕಾಣುವುದಿಲ್ಲ. ಅಪ್ಪ ಸುತ್ತಿಗೆಯಿಂದ ತಟ್ಟಿ ಕಿವಿ ಕೊಡುತ್ತಿದ್ದ. "ಇಲ್ಲೀಗಂಟ ಬಿಟ್ಟೈತೆ, ಇಲ್ಲಿಂದಾಚೆ ಇನ್ನೂ ಹಿಡ್ಕೊಂಡೈತೆ" ಅನ್ನುತ್ತಿದ್ದ. ಅವನು ಹೇಳಿದ ಕಡೆ ಗೆರೆ ಎಳೆದರೆ ಅಲ್ಲಿಗೇ ಚಪ್ಪಡಿ ಏಳುತ್ತಿತ್ತು.

ಇವತ್ತು ನಾನು ಬೆಂಗಳೂರಿನ ಒಂದು ವಿಜ್ಞಾನ ಸಂಸ್ಥೆಯಲ್ಲಿ ಫ್ಯಾನಿನ ಕೆಳಗೆ ಕೂತು ಅದೇ ಕಲ್ಲನ್ನು ಕಂಪ್ಯೂಟರ್ ಒಳಗೆ ಒಡೆಯುತ್ತೇನೆ. ಇಬ್ಬರದೂ ಒಂದೇ ಕೆಲಸ ಅಂತ ನಾನು ಹೇಳಿದರೆ ಅದು ಅಪ್ಪನಿಗೆ ಮಾಡುವ ಅವಮಾನ. ನನ್ನ ಕೈಯಲ್ಲಿ ಬೊಬ್ಬೆ ಇಲ್ಲ. ನನ್ನ ಎದೆಯಲ್ಲಿ ಧೂಳಿಲ್ಲ.

ಕವಿತೆ ಬರೆಯುವವಳು ಇದನ್ನೆಲ್ಲ ಯಾಕೆ ಬರೆಯುತ್ತಿದ್ದಾಳೆ ಅಂತ ಗೆಳೆಯರು ಕೇಳಬಹುದು. ಕಲ್ಲಿನ ಬಗ್ಗೆ ನಾನು ಬರೆದ ಕವಿತೆಗಳನ್ನು ಕೆಲವರು ಮೆಚ್ಚಿಕೊಂಡಿದ್ದಾರೆ. ಆದರೆ ಕಲ್ಲು ಒಡೆದಾಗ ನಿಜವಾಗಿ ಏನಾಗುತ್ತದೆ ಅಂತ ಆ ಕವಿತೆಗಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೇಬೇಕು ಅನ್ನಿಸಿದ್ದು ಅಪ್ಪನ ಕೆಮ್ಮಿನಿಂದ.

ಚಿಕ್ಕಬಳ್ಳಾಪುರದ ಕಡೆ ನಮ್ಮ ಕೇರಿ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಬೆಂಕಿಯ ಕೆಲಸ ಹೋಗಿ ಜಾಕ್‌ಹ್ಯಾಮರ್ ಬಂದಿತ್ತು, ಕ್ರಷರ್ ಬಂದಿತ್ತು. ಒಣಕಲ್ಲಿಗೆ ಮಿಷನ್ನು ಇಟ್ಟು ಕೊರೆದರೆ ಬಿಳೀ ಧೂಳು ಏಳುತ್ತದೆ. ಅಪ್ಪ ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ನಮ್ಮ ತಮ್ಮ ಚಿಕ್ಕವನು, "ಅಪ್ಪ ಅಜ್ಜ ಆಗವ್ನೆ" ಅಂತ ನಗುತ್ತಿದ್ದ. ಅಮ್ಮ ಅದೇ ಕ್ವಾರಿಯಲ್ಲಿ ಜಲ್ಲಿ ಹೊರುತ್ತಿದ್ದಳು. ಬಾಯಿಗೆ ಸೆರಗು ಕಟ್ಟಿಕೊಳ್ಳುವುದೊಂದೇ ಅವಳಿಗೆ ಗೊತ್ತಿದ್ದ ರಕ್ಷಣೆ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಪ್ಪನಿಗೆ ಕೆಮ್ಮು ಹಿಡಿಯಿತು. ಆಸ್ಪತ್ರೆಯಲ್ಲಿ ಟಿ.ಬಿ. ಅಂದರು. ಆರು ತಿಂಗಳು ಮಾತ್ರೆ ನುಂಗಿದ. ಹೋಗಲಿಲ್ಲ. ಇನ್ನೊಂದು ಸಲ ಟಿ.ಬಿ. ಅಂದರು. ಇನ್ನೊಂದು ಸಲ ನುಂಗಿದ. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ಒಂದು ಪ್ರಶ್ನೆ ಕೇಳಿದರು: "ಏನು ಕೆಲಸ ಮಾಡ್ತಿದ್ರಿ ಯಜಮಾನ್ರೇ?" ಅಷ್ಟು ವರ್ಷದಲ್ಲಿ ಅದನ್ನು ಕೇಳಿದ ಮೊದಲನೆಯವರು ಅವರು. ಅಪ್ಪ ಹೇಳಿದ. ಅವರು ಸಿಲಿಕೋಸಿಸ್ ಅಂತ ಚೀಟಿಯಲ್ಲಿ ಬರೆದರು. ಇದಕ್ಕೆ ಔಷಧಿ ಇಲ್ಲ, ಧೂಳಿನಿಂದ ದೂರ ಇರಿ ಅಂದರು.

ಆಮೇಲೆ ಓದಿ ತಿಳಿದುಕೊಂಡೆ. ಇಟಲಿಯ ಬೆರ್ನಾರ್ಡಿನೊ ರಮಾಜ್ಜಿನಿ ಎಂಬ ವೈದ್ಯ 1700ರಲ್ಲೇ ದುಡಿಯುವವರ ರೋಗಗಳ ಮೇಲೆ ಒಂದು ಪುಸ್ತಕ ಬರೆದಿದ್ದ. ಅದರಲ್ಲಿ ಕಲ್ಲುಕುಟಿಗರ ಎದೆಯೊಳಕ್ಕೆ ಹೋಗುವ ಚೂಪು ಚೂರುಗಳ ಮಾತಿದೆ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ 'ನೀನು ಏನು ಕೆಲಸ ಮಾಡುತ್ತೀಯ' ಅನ್ನುವುದನ್ನೂ ಸೇರಿಸಿಕೊಳ್ಳಿ ಅಂತ ಅವನು ವೈದ್ಯರಿಗೆ ಹೇಳಿದ್ದ. ಆ ಪ್ರಶ್ನೆ ನಮ್ಮ ಕೇರಿಗೆ ಬರುವುದಕ್ಕೆ ಮುನ್ನೂರು ವರ್ಷ ಮೇಲಾಯಿತು. ನಮ್ಮ ದೇಶದ 1948ರ ಫ್ಯಾಕ್ಟರಿ ಕಾಯ್ದೆಯಲ್ಲೂ, ಡಾಕ್ಟರು ಸರ್ಕಾರಕ್ಕೆ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. ಪಟ್ಟಿ ಇತ್ತು. ಅಪ್ಪನ ಹೆಸರು ಎಲ್ಲೂ ಇರಲಿಲ್ಲ.

ಎಂ.ಎಸ್ಸಿ. ಮುಗಿಸಿ ಸಂಸ್ಥೆಗೆ ಸೇರಿದಾಗ ನನ್ನ ಗೈಡು, "ಯಾವ ವಸ್ತುವಿನ ಮೇಲೆ ಕೆಲಸ ಮಾಡ್ತೀರಿ?" ಅಂತ ಕೇಳಿದರು. ಬೇರೆಯವರು ಬ್ಯಾಟರಿ ಅಂದರು, ಚಿಪ್ಪಿನ ಸಿಲಿಕಾನ್ ಅಂದರು, ಗ್ರಾಫೀನ್ ಅಂದರು. ನಾನು "ಬೆಣಚುಕಲ್ಲು" ಅಂದೆ. ಅವರಿಗೆ ಅರ್ಥವಾಗಲಿಲ್ಲ. "ಕ್ವಾರ್ಟ್ಜ್" ಅಂದೆ. "ಅದು ತುಂಬ ಹಳೆಯದಲ್ಲವಾ?" ಅಂದರು. ಹಳೆಯದು ಹೌದು, ಮೇಡಂ. ನಮ್ಮ ತಾತನ ಎದೆಯಲ್ಲೂ ಇದ್ದದ್ದು ಅದೇ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿನಲ್ಲಿ ಹೇಳಿಕೊಂಡೆ.

ಈ ವಿದ್ಯೆ ಏನು ಅಂತ ಹಳ್ಳಿಯ ಮೇಷ್ಟ್ರುಗಳಿಗಾಗಿ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಒಂದು ಡಬ್ಬಿ ಮಾಡುತ್ತೇವೆ. ಡಬ್ಬಿ ಅಂದರೆ ಬರೀ ಉದ್ದ, ಅಗಲ, ಎತ್ತರ. ಅದರೊಳಗೆ ಪರಮಾಣುಗಳನ್ನು ಇಡುತ್ತೇವೆ. ಪರಮಾಣು ಅಂದರೆ ಇಲ್ಲಿ ಬರೀ ಸಂಖ್ಯೆಗಳು. ಎಲ್ಲಿದೆ ಅನ್ನುವುದಕ್ಕೆ ಮೂರು, ಯಾವ ಕಡೆಗೆ ಎಷ್ಟು ಜೋರಾಗಿ ಹೋಗುತ್ತಿದೆ ಅನ್ನುವುದಕ್ಕೆ ಇನ್ನು ಮೂರು. ಒಂದು ಪರಮಾಣು ಇನ್ನೊಂದನ್ನು ಎಷ್ಟು ದೂರದಲ್ಲಿ ಎಷ್ಟು ಎಳೆಯುತ್ತದೆ, ಎಷ್ಟು ಹತ್ತಿರ ಬಂದರೆ ತಳ್ಳುತ್ತದೆ ಅನ್ನುವುದಕ್ಕೆ ಒಂದು ಸೂತ್ರ ಕೊಡುತ್ತೇವೆ. ಆಮೇಲೆ ಹೈಸ್ಕೂಲಿನಲ್ಲಿ ನೀವೇ ಕಲಿಸುವ ನ್ಯೂಟನ್ನನ ನಿಯಮ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ. ಪ್ರತಿ ಪರಮಾಣುವನ್ನೂ ಒಂದು ಹೆಜ್ಜೆ ಮುಂದಿಡು. ಮತ್ತೆ ಬಲ ಲೆಕ್ಕ ಹಾಕು. ಮತ್ತೆ ಒಂದು ಹೆಜ್ಜೆ. ಇಷ್ಟೇ.

ಆ ಹೆಜ್ಜೆ ಎಷ್ಟು ಸಣ್ಣದು ಅಂತ ತಿಳಿದಾಗ ನನಗೆ ತಲೆ ತಿರುಗಿತು. ಒಂದು ಹೆಜ್ಜೆ ಒಂದು ಫೆಮ್ಟೊಸೆಕೆಂಡು. ಹತ್ತು ಲಕ್ಷ ಹೆಜ್ಜೆ ನಡೆದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ಮುಗಿಯುತ್ತದೆ. ಜಾಗದ ಅಳತೆಯೂ ಹಾಗೇ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಂ. ಬೆಣಚುಕಲ್ಲಿನಲ್ಲಿ ಒಂದು ಸಿಲಿಕಾನಿಗೂ ಅದರ ಪಕ್ಕದ ಆಮ್ಲಜನಕಕ್ಕೂ ನಡುವೆ ಇರುವ ದೂರ ಸುಮಾರು 1.6 ಆಂಗ್‌ಸ್ಟ್ರಾಂ. ಅಪ್ಪ ಇಡೀ ಬದುಕು ಒಡೆದದ್ದು ಈ 1.6 ಆಂಗ್‌ಸ್ಟ್ರಾಂಗಳನ್ನೇ.

ಈ ವಿದ್ಯೆ ಬೆಳೆದ ಕಥೆಯಲ್ಲಿ ನಮ್ಮ ಪಕ್ಕದವನೊಬ್ಬ ಇದ್ದಾನೆ. 1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. 1964ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ 864 ಆರ್ಗಾನ್ ಪರಮಾಣುಗಳನ್ನು ಕಂಪ್ಯೂಟರ್‌ನಲ್ಲಿ ಇಟ್ಟು, ಒಂದು ದ್ರವದೊಳಗೆ ಪರಮಾಣುಗಳು ಹೇಗೆ ಓಡಾಡುತ್ತವೆ ಅಂತ ಲೆಕ್ಕ ಹಾಕಿ ತೋರಿಸಿದ. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಲಾಸ್ ಅಲಾಮೊಸ್‌ನಲ್ಲಿ ಫರ್ಮಿ, ಪಾಸ್ತಾ, ಉಲಾಂ ಎಂಬ ಮೂವರು ಕಣಗಳ ಒಂದು ಸರಪಣಿಯನ್ನು ಕಂಪ್ಯೂಟರ್‌ನಲ್ಲಿ ಕುಣಿಸಿದ್ದರು. ಆ ಯಂತ್ರಕ್ಕೆ ಪ್ರೋಗ್ರಾಂ ಬರೆದವಳು ಮೇರಿ ಸಿಂಗೂ ಎಂಬ ಹೆಂಗಸು. 1955ರ ವರದಿಯಲ್ಲಿ ಲೇಖಕರು ಮೂವರೇ. ಅವಳಿಗೆ ಒಂದು ಅಡಿಟಿಪ್ಪಣಿಯಲ್ಲಿ ಕೃತಜ್ಞತೆ. ಅವಳ ಹೆಸರನ್ನೂ ಸೇರಿಸಿ ಕರೆಯಬೇಕು ಅನ್ನುವ ಮಾತು ಎದ್ದದ್ದು ಅರ್ಧ ಶತಮಾನ ಕಳೆದ ಮೇಲೆ. ಇದನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ವಿಧಾನಸೌಧದ ಕಲ್ಲು ಕೆತ್ತಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಾನು ಕಲಿತ ಪ್ರೋಗ್ರಾಮಿನ ಹೆಸರು ಲ್ಯಾಂಪ್ಸ್. ಅಮೆರಿಕದ ಸಾಂಡಿಯಾ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಆ ಪ್ರಯೋಗಾಲಯದ ಮುಖ್ಯ ಕೆಲಸ ಅಣ್ವಸ್ತ್ರ. ಆದರೆ ಈ ಪ್ರೋಗ್ರಾಮು ಎಲ್ಲರಿಗೂ ಪುಕ್ಕಟೆ. ಒಂದು ಪೈಸೆ ಕೊಡಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಾಗಿಲು ತೆಗೆದೇ ಇದೆ. ಆದರೂ ಒಳಕ್ಕೆ ಹೋಗುವುದು ಸುಲಭವಲ್ಲ ಅಂತ ಬೇಗ ಗೊತ್ತಾಯಿತು. ಪಿ.ಯು.ಸಿ.ವರೆಗೂ ಕನ್ನಡದಲ್ಲಿ ಓದಿದವಳು ನಾನು. ಕೈಪಿಡಿಯ ಸಾವಿರಾರು ಪುಟ ಇಂಗ್ಲಿಷು. ಒಂದು ನೋಟ್‌ಬುಕ್ ಇಟ್ಟುಕೊಂಡು ಒಂದೊಂದೇ ಪದಕ್ಕೆ ಕನ್ನಡದಲ್ಲಿ ಅರ್ಥ ಬರೆದುಕೊಂಡೆ.

ಅದರಲ್ಲಿ ಒಂದು, ಪೀರಿಯಾಡಿಕ್ ಬೌಂಡರಿ. ಡಬ್ಬಿಯ ಬಲಗಡೆಯಿಂದ ಹೊರಗೆ ಹೋದ ಪರಮಾಣು ಎಡಗಡೆಯಿಂದ ಒಳಗೆ ಬರುತ್ತದೆ. ಮೇಲಿನಿಂದ ಹೋದದ್ದು ಕೆಳಗಿನಿಂದ ಬರುತ್ತದೆ. ಹಾಗಾಗಿ ಡಬ್ಬಿಗೆ ಹೊರಗು ಅನ್ನುವುದೇ ಇಲ್ಲ. ಅಂಚಿನ ಪರಮಾಣು, ನಡುವಿನ ಪರಮಾಣು ಅನ್ನುವ ಭೇದ ಇಲ್ಲ. ನೋಟ್‌ಬುಕ್ಕಿನಲ್ಲಿ ಅದರ ಪಕ್ಕ 'ಕೇರಿ ಇಲ್ಲದ ಊರು' ಅಂತ ಬರೆದುಕೊಂಡೆ. ಈಗಲೂ ಆ ಹಾಳೆ ಇದೆ.

ಆದರೆ ಕಲ್ಲು ಒಡೆಯಬೇಕಾದರೆ ಅಂಚು ಬೇಕು. ನಾನು ಡಬ್ಬಿಯ ಎತ್ತರವನ್ನು ಹೆಚ್ಚಿಸಿ, ಮೇಲೆ ಕೆಳಗೆ ಬಯಲು ಬಿಟ್ಟು, ಆ ದಿಕ್ಕಿನ ಎಲ್ಲೆಯನ್ನು ತೆರೆದಿಟ್ಟೆ. ಬೆಣಚುಕಲ್ಲಿನ ಅತಿ ಸಣ್ಣ ತುಂಡಿನಲ್ಲಿ ಒಂಬತ್ತು ಪರಮಾಣು. ಮೂರು ಸಿಲಿಕಾನ್, ಆರು ಆಮ್ಲಜನಕ. ಅಂಥ ಐನೂರು ತುಂಡು ಜೋಡಿಸಿದೆ. ಒಟ್ಟು 4500 ಪರಮಾಣು. 1990ರಲ್ಲಿ ಮೂವರು ವಿಜ್ಞಾನಿಗಳು ಕೊಟ್ಟ, ಅವರ ಹೆಸರಿನ ಮೊದಲಕ್ಷರಗಳಿಂದ ಬಿ.ಕೆ.ಎಸ್. ಅನ್ನುವ ಒಂದು ಸೂತ್ರ ಹಾಕಿ ಓಡಿಸಿದೆ. ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಪರದೆಯ ಮೇಲೆ ಒಂದು ಸಾಲು: 'ಎರರ್: ಲಾಸ್ಟ್ ಆಟಮ್ಸ್: ಒರಿಜಿನಲ್ 4500 ಕರೆಂಟ್ 4497'.

ಮೂರು ಪರಮಾಣು ಕಳೆದುಹೋಗಿವೆ. ಅಷ್ಟಕ್ಕೇ ಪ್ರೋಗ್ರಾಮು ಕೆಲಸ ನಿಲ್ಲಿಸಿದೆ.

ಎರಡು ವಾರ ಅದರ ಹಿಂದೆ ಬಿದ್ದೆ. ರಾತ್ರಿ ಲ್ಯಾಬಿನಲ್ಲೇ ಕೂರುತ್ತಿದ್ದೆ. ಪಕ್ಕದ ಮೇಜಿನವನು ಬಂದು ನೋಡಿ ನಕ್ಕ. "ಇಷ್ಟಕ್ಕೆ ಇಷ್ಟು ಹೊತ್ತಾ? ಒಂದು ಸಾಲು ಸೇರಿಸು, ಸಾಕು" ಅಂದ. ಆ ಸಾಲು, 'ಲಾಸ್ಟ್ ಇಗ್ನೋರ್'. ಕಳೆದುಹೋದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ, ಓಡುತ್ತಿರು ಅಂತ ಯಂತ್ರಕ್ಕೆ ಹೇಳುವ ಆಜ್ಞೆ. ಅದು ನಿಜವಾಗಿಯೂ ಇದೆ. ಕೆಲವು ಕೆಲಸಗಳಿಗೆ ಅದು ಬೇಕೂ ಬೇಕು. ನಾನು ಸೇರಿಸಿ ನೋಡಿದೆ. ಓಡಿತು. ತಕರಾರೇ ಇಲ್ಲ. ಬೆಳಿಗ್ಗೆ ಬಂದು ನೋಡಿದರೆ ಚೆಂದದ ಗ್ರಾಫುಗಳು. ಒಳಗೆ ಎಷ್ಟು ಉಳಿದಿವೆ ಅಂತ ಎಣಿಸಿದರೆ 4311.

ಗೆಳೆಯರೇ, ಆ ಬೆಳಿಗ್ಗೆ ನನಗೆ ನಮ್ಮ ಕ್ವಾರಿ ನೆನಪಾಯಿತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬಂಡೆ ಜಾರಿ ಇಬ್ಬರು ಸತ್ತರು. ಒಬ್ಬ ನಮ್ಮ ಬೀದಿಯವನೇ, ಹೋಳಿಗೆ ಅಂದರೆ ಪ್ರಾಣ ಬಿಡುವವನು. ಮಾರನೇ ದಿನ ಕ್ರಷರ್ ಎಂದಿನಂತೆ ಓಡಿತು. ಕೆಮ್ಮಿ ಕೆಮ್ಮಿ ಸತ್ತವರಿಗೆ ಅಷ್ಟೂ ಇಲ್ಲ. ಅವರು ಮನೆಯಲ್ಲಿ ಸಾಯುತ್ತಾರೆ, ಕ್ವಾರಿಯಲ್ಲಿ ಅಲ್ಲ. ಅಮೆರಿಕದ ಒಂದು ಪ್ರೋಗ್ರಾಮು ಮೂರು ಪರಮಾಣು ಕಾಣದಿದ್ದರೆ ನಿಂತು ಕೂಗುತ್ತದೆ. ಈ ನಮ್ಮ ದೇಶ ಲಾಸ್ಟ್ ಇಗ್ನೋರ್ ಅಂತ ಮೊದಲ ಸಾಲಿನಲ್ಲೇ ಬರೆದುಕೊಂಡು ಓಡುತ್ತಿದೆ.

ಆ ಸಾಲನ್ನು ಅಳಿಸಿದೆ. ಮತ್ತೆ ಮೊದಲಿನಿಂದ ಹುಡುಕಿದೆ. ಕೊನೆಗೆ ದಾರಿ ತೋರಿಸಿದವರು ಒಬ್ಬ ಸೀನಿಯರ್ ಅಣ್ಣ, ಆಂಧ್ರದ ಕಡೆಯವರು, ಅವರೂ ನಮ್ಮಂಥ ಮನೆಯಿಂದ ಬಂದವರು. "ಸೂತ್ರವನ್ನೇ ಕೂತು ಗೀಚಿ ನೋಡಮ್ಮಾ" ಅಂದರು. ಗೀಚಿದೆ. ದೂರದಲ್ಲಿ ಎಳೆತ, ಹತ್ತಿರದಲ್ಲಿ ತಳ್ಳಾಟ, ಎಲ್ಲ ಸರಿ. ಆದರೆ ಇನ್ನೂ ಹತ್ತಿರ ಹೋದರೆ ಸೂತ್ರ ಉಲ್ಟಾ ಹೊಡೆಯುತ್ತದೆ. ತಳ್ಳುವ ಬದಲು ಎಳೆಯುತ್ತದೆ, ಎಳೆದು ಒಂದರೊಳಗೆ ಒಂದನ್ನು ಬೀಳಿಸುತ್ತದೆ. ಬಿದ್ದ ಜೋಡಿಯ ಶಕ್ತಿಯಿಂದ ಪಕ್ಕದವು ಸಿಡಿದು ಬಯಲಿಗೆ ಹಾರುತ್ತವೆ. ಗಟ್ಟಿ ಕಲ್ಲಿನ ಒಳಗೆ ಯಾರೂ ಅಷ್ಟು ಹತ್ತಿರ ಹೋಗುವುದಿಲ್ಲ, ಹಾಗಾಗಿ ದೋಷ ಕಾಣುವುದಿಲ್ಲ. ಒಡೆದಾಗ ಮಾತ್ರ ಕಾಣುತ್ತದೆ. ಹತ್ತಿರದ ದೂರಕ್ಕೆ ಇನ್ನೊಂದು ತಳ್ಳುವ ಬಲವನ್ನು ತೇಪೆ ಹಾಕಿದೆ, ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿದೆ. ಒರಿಜಿನಲ್ 4500, ಕರೆಂಟ್ 4500. ಅವತ್ತು ಹಾಸ್ಟೆಲ್ಲಿಗೆ ಹೋಗಿ ಹೊಟ್ಟೆತುಂಬ ಉಂಡೆ.

ಸಂಸ್ಥೆಯ ಊಟದ ಹಾಲಿನಲ್ಲಿ ಎಲ್ಲರೂ ಒಂದೇ ಮೇಜಿಗೆ ಕೂರುತ್ತೇವೆ. ಇದು ನಿಜ. ಇದಕ್ಕಾಗಿ ಹೋರಾಡಿದವರನ್ನು ನೆನೆಯುತ್ತೇನೆ. ಆದರೆ ಒಂದು ದಿನ ಒಬ್ಬರು ಮೊಸರನ್ನ ಕಲಸುತ್ತಾ, "ನಿಮ್ಮ ಪೂರ್ತಿ ಹೆಸರೇನು?" ಅಂತ ಕೇಳಿದರು. ಹೇಳಿದೆ. ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಇನ್ನೊಂದು ಅಪ್ಪನದು. "ಅಲ್ಲ, ಅದರ ಮುಂದೆ?" ಅಂದರು. "ಅದರ ಮುಂದೆ ಏನೂ ಇಲ್ಲ" ಅಂದೆ. ಅವರಿಗೆ ಉತ್ತರ ಸಿಕ್ಕಿತು. ಮುಖದಲ್ಲೇ ಗೊತ್ತಾಯಿತು. ಸೆಮಿನಾರಿನಲ್ಲಿ ನನ್ನ ಧೂಳಿನ ಕೆಲಸ ತೋರಿಸಿದಾಗ ಇನ್ನೊಬ್ಬರು, "ಇದರಲ್ಲಿ ಹೊಸ ಫಿಸಿಕ್ಸ್ ಏನಿದೆ?" ಅಂದರು. ಫೆಲೋಶಿಪ್ಪು ತಿಂಗಳುಗಟ್ಟಲೆ ಬರದೆ ಇದ್ದಾಗ ಅಮ್ಮ ಮೇಕೆ ಮಾರಿ ದುಡ್ಡು ಕಳಿಸಿದಳು. ಇಂಥವನ್ನು ಪಟ್ಟಿ ಮಾಡುತ್ತಾ ಕೂತರೆ ಪುಟ ಸಾಲದು. ಮುಂದೆ ಹೋಗುತ್ತೇನೆ.

ಸೂತ್ರದಿಂದ ಕಲ್ಲು ಒಡೆಯುವುದನ್ನು ನೋಡಬಹುದು. ಒಡೆದ ಜಾಗದಲ್ಲಿ ಯಾವ ಬಂಧ ಹೋಯಿತು, ಯಾವುದು ಬಂತು ಅಂತ ನಿಖರವಾಗಿ ತಿಳಿಯಬೇಕಾದರೆ ಎಲೆಕ್ಟ್ರಾನುಗಳ ಹತ್ತಿರಕ್ಕೇ ಹೋಗಬೇಕು. ಅಲ್ಲಿ ದಾರಿ ಮಾಡಿಕೊಟ್ಟವನು ವಾಲ್ಟರ್ ಕೋನ್. ಒಂದೊಂದು ಎಲೆಕ್ಟ್ರಾನಿನ ಬೆನ್ನು ಹತ್ತಬೇಡ, ಅವೆಲ್ಲ ಸೇರಿ ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಅನ್ನುವುದು ಗೊತ್ತಾದರೆ ಸಾಕು ಅಂತ 1964-65ರಲ್ಲಿ ಇಬ್ಬರು ಜೊತೆಗಾರರೊಂದಿಗೆ ತೋರಿಸಿಕೊಟ್ಟ. 1998ರಲ್ಲಿ ನೊಬೆಲ್ ಬಂತು. ಅವನು ವಿಯೆನ್ನಾದ ಯಹೂದಿ ಹುಡುಗ. ಹುಟ್ಟಿದ ಕುಲದ ಕಾರಣಕ್ಕೆ ಶಾಲೆಯಿಂದ ಹೊರಕ್ಕೆ ತಳ್ಳಿಸಿಕೊಂಡವನು. 1939ರಲ್ಲಿ ಹದಿನಾರು ವರ್ಷದವನನ್ನು ತಂದೆತಾಯಿ ಇಂಗ್ಲೆಂಡಿಗೆ ಕಳಿಸಿ ಉಳಿಸಿಕೊಂಡರು. ಅವರು ಉಳಿಯಲಿಲ್ಲ, ನಾಜಿಗಳು ಕೊಂದರು. ಇವನ ಸೂತ್ರವನ್ನು ಇವತ್ತು ಜಗತ್ತಿನ ಲ್ಯಾಬುಗಳಲ್ಲೆಲ್ಲ ಬಳಸುತ್ತಾರೆ. ಪ್ರತಿಭೆ ರಕ್ತದಲ್ಲಿದೆ ಅನ್ನುವವರೂ ಬಳಸುತ್ತಾರೆ.

ಈಗ ಕಲ್ಲಿನ ಮಾತು. ಬೆಣಚುಕಲ್ಲಿನಲ್ಲಿ ಒಂದೊಂದು ಸಿಲಿಕಾನೂ ನಾಲ್ಕು ಆಮ್ಲಜನಕಗಳ ಕೈ ಹಿಡಿದಿರುತ್ತದೆ. ಒಂದೊಂದು ಆಮ್ಲಜನಕವೂ ಎರಡು ಸಿಲಿಕಾನುಗಳ ಕೈ ಹಿಡಿದಿರುತ್ತದೆ. ಒಡೆದಾಗ ಕೈ ಬಿಟ್ಟುಹೋಗುತ್ತವೆ. ಹೊಸದಾಗಿ ಒಡೆದ ಮೈಯ ತುಂಬ ಹಿಡಿಯಲು ಯಾರೂ ಇಲ್ಲದ ಕೈಗಳು. ಅವು ಸುಮ್ಮನಿರುವುದಿಲ್ಲ. ಹತ್ತಿರಕ್ಕೆ ನೀರು ಬಂದರೆ ನೀರನ್ನೇ ಸೀಳುತ್ತವೆ. ಹೈಡ್ರೋಜನ್ ಒಂದು ಕಡೆಗೆ, ಉಳಿದದ್ದು ಇನ್ನೊಂದು ಕಡೆಗೆ ಅಂಟಿಕೊಂಡು ಕಲ್ಲಿನ ಮೈಮೇಲೆ ಸಿಲನಾಲ್ ಅನ್ನುವ ಗುಂಪುಗಳು ಹುಟ್ಟುತ್ತವೆ. ಇಟಲಿಯ ಟುರಿನ್ ಮತ್ತು ಬೆಲ್ಜಿಯಂನ ಸಂಶೋಧಕರು 2020ರಲ್ಲಿ ಒಂದು ಮಾತು ತೋರಿಸಿಕೊಟ್ಟರು. ಎಲ್ಲ ಸಿಲನಾಲುಗಳೂ ಒಂದೇ ಅಲ್ಲ. ಪಕ್ಕದವುಗಳ ಜೊತೆ ಗಟ್ಟಿಯಾಗಿ ಬೆಸೆದುಕೊಂಡವು ಅಷ್ಟು ತೊಂದರೆ ಕೊಡುವುದಿಲ್ಲ. ನಾಲ್ಕರಿಂದ ಆರು ಆಂಗ್‌ಸ್ಟ್ರಾಂ ಅಂತರದಲ್ಲಿ, ಒಂದಕ್ಕೊಂದು ಸರಿಯಾಗಿ ಬೆಸೆಯದೆ ನಿಂತವು ಇವೆಯಲ್ಲ, ಅವೇ ಜೀವಕೋಶದ ಪೊರೆಗೆ ಹಾನಿ ಮಾಡುವುದು. ಕಲ್ಲನ್ನು ಒಡೆದಾಗ ಅಂಥವು ಹುಟ್ಟಿಕೊಳ್ಳುತ್ತವೆ.

ಧೂಳಿನ ಕಣ ನಾಲ್ಕು ಮೈಕ್ರಾನಿಗಿಂತ ಸಣ್ಣದಾದರೆ ಮೂಗಿನಲ್ಲಿ ನಿಲ್ಲುವುದಿಲ್ಲ, ಗಂಟಲಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಹೋಗುತ್ತದೆ. ಅಲ್ಲಿ ಕಾವಲಿರುವ ಜೀವಕೋಶ ಅದನ್ನು ನುಂಗುತ್ತದೆ. ಅರಗಿಸಿಕೊಳ್ಳಲಾರದು. ಸಾಯುತ್ತದೆ. ಕಣ ಹೊರಗೆ ಬೀಳುತ್ತದೆ. ಇನ್ನೊಂದು ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೇ ಗಾಯವಾಗಿ, ಗಾಯ ಗಟ್ಟಿಯಾಗಿ, ಉಸಿರಾಡುವ ಜಾಗವೇ ಕಲ್ಲಾಗುತ್ತದೆ. ಅಪ್ಪ ಒಡೆದ ಕಲ್ಲಿನ ಬಿಟ್ಟ ಕೈಗಳು ಅಪ್ಪನನ್ನೇ ಹಿಡಿದುಕೊಂಡವು.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿದ್ದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಈಗ ಅವನು ಹತ್ತು ಹೆಜ್ಜೆ ನಡೆದರೆ ನಿಲ್ಲುತ್ತಾನೆ. ಪರದೆಯ ಮೇಲೆ ತೋರಿಸಿದೆ. ಹಳದಿ ಗುಂಡು ಸಿಲಿಕಾನು, ಕೆಂಪು ಆಮ್ಲಜನಕ. ನಡುವೆ ಸೀಳು ಬಿಡುವುದನ್ನು ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಸದ್ದೇ ಇಲ್ವಲ್ಲಮ್ಮಾ" ಅಂದ.

"ಇದ್ರಲ್ಲಿ ಸದ್ದು ಬರಲ್ಲಪ್ಪಾ."

"ಸದ್ದು ಕೇಳ್ದೆ ಎಲ್ಲಿ ಬಿಟ್ಟೈತೆ ಅಂತ ಹೆಂಗ್ ಗೊತ್ತಾಯ್ತದೆ ನಿಂಗೆ?"

ಸಂಖ್ಯೆಗಳಿಂದ ಅಂತ ಹೇಳಿದೆ. ಅವನಿಗೆ ಅಷ್ಟು ನಂಬಿಕೆ ಬರಲಿಲ್ಲ. ಆಮೇಲೆ ಸೀಳಿದ ಕಲ್ಲಿನ ಮೇಲೆ ನೀರಿನ ಅಣುಗಳನ್ನು ಸುರಿದದ್ದನ್ನು ತೋರಿಸಿದೆ. ನೀರು ಹೋಗಿ ಕಲ್ಲಿಗೆ ಕೂಡಿಕೊಳ್ಳುವುದನ್ನು ನೋಡಿ ಕೇಳಿದ:

"ಈ ನೀರು ಯಾರು ಹಾಕಿದ್ದು?"

"ನಾನೇ."

"ಯಾರೂ ಕೇಳ್ಲಿಲ್ವಾ?"

"ಇಲ್ಲಪ್ಪಾ. ಎಷ್ಟು ಬೇಕೋ ಅಷ್ಟು ಹಾಕ್ಬೌದು."

ಅಪ್ಪ ನಕ್ಕ, ನಕ್ಕು ಕೆಮ್ಮಿದ, ಕೆಮ್ಮು ನಿಲ್ಲುವವರೆಗೂ ನಾವು ಕಾದೆವು. "ಕೊರೆಯೋವಾಗ ಒಂದು ಪೈಪು ನೀರು ಬಿಡ್ಸಿ ಸ್ವಾಮಿ ಅಂತ ಮೇಸ್ತ್ರಿನ ಹತ್ತು ವರ್ಸ ಕೇಳ್ದೆ. ಟ್ಯಾಂಕರಿಗೆ ದುಡ್ಡು ಯಾರಪ್ಪ ಕೊಡ್ತಾನೆ ಅಂದ. ನೀನು ಒಳ್ಳೆ ಕಡೆ ಸೇರ್ಕಂಡಿದ್ದೀಯ ಬಿಡು."

ಆ ಮಾತಿನಿಂದ ನಾನು ಇನ್ನೂ ಹೊರಕ್ಕೆ ಬಂದಿಲ್ಲ. ಕೊರೆಯುವಾಗ ನೀರು ಬಿಟ್ಟರೆ ಧೂಳು ಏಳುವುದು ಬಹಳ ಮಟ್ಟಿಗೆ ತಗ್ಗುತ್ತದೆ ಅನ್ನುವುದಕ್ಕೆ ನನ್ನ ಲೆಕ್ಕ ಬೇಕಾಗಿಲ್ಲ, ಕ್ವಾಂಟಂ ಬೇಕಾಗಿಲ್ಲ. ಮಹಾಡಿನ ಕೆರೆಯ ನೀರನ್ನು ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮುಟ್ಟಿದ್ದು ನೀರಿನ ರುಚಿ ತಿಳಿಯುವುದಕ್ಕಲ್ಲ. ನಮಗೆ ಕೊರತೆ ಇದ್ದದ್ದು ತಿಳಿವಳಿಕೆಯದಲ್ಲ, ನೀರಿನದು. ಇವತ್ತಿಗೂ ಕೊರತೆ ಅದೇ.

ತಿಳಿವಳಿಕೆ ಇದ್ದವರು ಏನು ಮಾಡಬಲ್ಲರು ಅನ್ನುವುದಕ್ಕೆ ಒಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಅಲ್ಯುಮಿನಿಯಂ ಸೇರಿದರೆ ಬೆಣಚುಕಲ್ಲಿನ ಧೂಳಿನ ವಿಷ ತಗ್ಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿತ್ತು. ಕೆನಡಾದ ಒಂಟಾರಿಯೊದಲ್ಲಿ ಅದನ್ನು ಹೇಗೆ ಬಳಸಿದರು ಗೊತ್ತೇ? 1943ರಿಂದ 1979ರವರೆಗೆ ಗಣಿಗೆ ಇಳಿಯುವ ಮೊದಲು ಕೆಲಸಗಾರರನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂಡಿಹಾಕಿ ಅಲ್ಯುಮಿನಿಯಂ ಪುಡಿಯನ್ನು ಊದಿ ಕುಡಿಸಿದರು. ಮೆಕಿಂಟೈರ್ ಪೌಡರ್ ಅಂತ ಅದರ ಹೆಸರು. ಧೂಳನ್ನು ತೆಗೆಯುವ ಬದಲು ದುಡಿಯುವವನ ಎದೆಗೇ ಇನ್ನೊಂದು ಧೂಳು ತುಂಬಿದರು. ಆ ಪುಡಿ ಕುಡಿದವರಲ್ಲಿ ಪಾರ್ಕಿನ್ಸನ್ ರೋಗ ಹೆಚ್ಚು ಅಂತ 2020ರಲ್ಲಿ ಒಂದು ಅಧ್ಯಯನ ಹೇಳಿತು. ಪರಮಾಣುವಿನ ವಿದ್ಯೆ ಯಾರ ಕೈಯಲ್ಲಿದೆ, ಯಾರ ಪರವಾಗಿ ಪ್ರಶ್ನೆ ಕೇಳುತ್ತದೆ ಅನ್ನುವುದೇ ಮುಖ್ಯ. ಅದಕ್ಕೇ ನಾನು ಇಲ್ಲಿ ಕೂತಿದ್ದೇನೆ. ನಮ್ಮವರು ಇನ್ನೂ ಬಂದು ಕೂರಬೇಕು. ಬಾಗಿಲು ತೆಗೆದೇ ಇದೆ ಅಂದೆನಲ್ಲ, ಒಳಕ್ಕೆ ಬರುವವರಿಗೆ ಆ ನೋಟ್‌ಬುಕ್ಕನ್ನು ಕೊಡುತ್ತೇನೆ.

ಆ ದೀಪಾವಳಿಯಲ್ಲಿ ನಾನು ಮತ್ತು ತಮ್ಮ ಇನ್ನೊಂದು ಕೆಲಸ ಮಾಡಿದೆವು. ಕೇರಿಯ ಮನೆಮನೆಗೆ ಹೋಗಿ, ಕ್ವಾರಿಗೂ ಕ್ರಷರಿಗೂ ಹೋದವರ ಹೆಸರು ಬರೆದೆವು. ಯಾವ ವರ್ಷದಿಂದ ಯಾವ ವರ್ಷದವರೆಗೆ, ಕೊರೆಯುವ ಕೆಲಸವೋ ಹೊರುವ ಕೆಲಸವೋ, ಕೆಮ್ಮು ಯಾವಾಗ ಹಿಡಿಯಿತು, ಎಷ್ಟು ಸಲ ಟಿ.ಬಿ. ಮಾತ್ರೆ ಕೊಟ್ಟರು, ಇದ್ದಾರೋ ಇಲ್ಲವೋ. ಸತ್ತವರೆಲ್ಲ ಧೂಳಿನಿಂದಲೇ ಸತ್ತರು ಅಂತ ನಾನು ಹೇಳಲಾರೆ. ಹೇಳಬೇಕಾದವರು ಯಾರೂ ಕೇಳಲಿಲ್ಲ, ಬರೆದಿಡಲಿಲ್ಲ. ಪಟ್ಟಿಯ ಒಂದು ಪ್ರತಿಯನ್ನು ಆ ಡಾಕ್ಟರಮ್ಮನಿಗೆ, ಇನ್ನೊಂದನ್ನು ಕಾರ್ಮಿಕ ಇಲಾಖೆಗೆ, ಇನ್ನೊಂದನ್ನು ಸಂಘದ ಗೆಳೆಯರಿಗೆ ಕೊಟ್ಟಿದ್ದೇವೆ. ಕ್ರಷರಿಗೆ ನೀರಿನ ಪೈಪು ಬೇಕು ಅನ್ನುವ ಅರ್ಜಿಯೂ ಅದರ ಜೊತೆಗಿದೆ. ಅದರ ಕೆಳಗೆ ಮೊದಲ ಹೆಬ್ಬೆಟ್ಟು ನಮ್ಮಪ್ಪನದು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನಲ್ಲಿ ಕೂತ ಹುಡುಗರ ಅಪ್ಪಂದಿರು ಕೆಮ್ಮುತ್ತಿದ್ದರೆ ಏನು ಕೆಲಸ ಅಂತ ಕೇಳಿ. ಕೇಳಿ ಬರೆದಿಡಿ. ಅದಕ್ಕೆ ಕಂಪ್ಯೂಟರ್ ಬೇಡ, ಒಂದು ನೋಟ್‌ಬುಕ್ ಸಾಕು.

ನಮ್ಮ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ತಮ್ಮ ಒಟ್ಟು ಲೆಕ್ಕ ಹಾಕಿದ್ದಾನೆ. ಹೋದವರು 41. ಈಗ ಇರುವವರು 29.